ಮೂರನೆಯ ಟ್ರಾಂಬೋನ್

ನಮ್ಮ ಕಡೆ ಹೆಣ್ಣುಮಕ್ಕಳು ಕಲಿಯಬಹುದಾದ ವಾದ್ಯಗಳ ಪಟ್ಟಿ ಒಂದಿದೆ. ಯಾರೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಬಾಯಿಪಾಠ. ಮೊದಲು ಹಾಡುಗಾರಿಕೆ, ವಾದ್ಯ ಕೊಳ್ಳುವ ಖರ್ಚಿಲ್ಲ. ಆಮೇಲೆ ವೀಣೆ, ಸರಸ್ವತಿಯೇ ಹಿಡಿದುಕೊಂಡಿರುವುದರಿಂದ ಆಕ್ಷೇಪಣೆ ಎತ್ತುವವರಿಲ್ಲ. ಪಿಟೀಲಾದರೂ ನಡೆದೀತು. ಕೊಳಲಿನ ಹತ್ತಿರ ಬಂದಾಗ ದೊಡ್ಡವರು ಸ್ವಲ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ, ಕೃಷ್ಣನ ಹೆಸರು ಹೇಳಿ ಹೇಗೋ ದಾಟಿಸುತ್ತಾರೆ. ಅಲ್ಲಿಗೆ ಪಟ್ಟಿ ಮುಗಿಯಿತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ ‘ಮಗು ಏನಾದರೂ ಒಂದು ಹಾಡಲಿ’ ಎಂದಾಗ, ಹುಡುಗಿ ಒಳಗೆ ಹೋಗಿ ಒಂಬತ್ತು ಅಡಿಯ ಹಿತ್ತಾಳೆ ಕೊಳವೆಯನ್ನು ಹೆಗಲಿಗೇರಿಸಿಕೊಂಡು ಬಂದು, ಗಂಡಿನ ತಂದೆಯ ಮೂಗಿನ ತನಕ ಚಾಚಿ ಊದಿದ ಉದಾಹರಣೆ ನಮ್ಮ ವಂಶದಲ್ಲಾಗಲಿ ಅಕ್ಕಪಕ್ಕದ ಬೀದಿಗಳಲ್ಲಾಗಲಿ ಇಲ್ಲ. ನಾನೂ ಹಾಗೆ ಮಾಡಲಿಲ್ಲ. ಮಾಡಬಲ್ಲವಳಾಗಿದ್ದೆ, ಅಷ್ಟೆ.

ಅದಕ್ಕೆ ಕಾರಣ ರೋಟರಿ. ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ನನ್ನನ್ನು ಒಂದು ವರ್ಷದ ಮಟ್ಟಿಗೆ ಅಮೆರಿಕದ ಅಯೋವಾ ರಾಜ್ಯಕ್ಕೆ ಕಳಿಸಿದರು. ಯೂತ್ ಎಕ್ಸ್‌ಚೇಂಜ್ ಎಂಬ ಈ ಏರ್ಪಾಟಿನಲ್ಲಿ ಅಲ್ಲಿಯ ಮನೆಯಲ್ಲಿ ಮಗಳಾಗಿ ಇದ್ದುಕೊಂಡು ಅಲ್ಲಿಯ ಶಾಲೆಗೆ ಹೋಗಬೇಕು. ಒಂದೇ ಮನೆಗೆ ಹೊರೆಯಾಗದಿರಲೆಂದು ನಡುನಡುವೆ ಮನೆ ಬದಲಾಯಿಸುತ್ತಾರೆ. ತೊಡಲು ಒಂದು ನೀಲಿ ಬ್ಲೇಜರ್. ಭೇಟಿಯಾದ ದೇಶದೇಶದ ಹುಡುಗರೊಂದಿಗೆ ಪಿನ್ನು ಅದಲುಬದಲು ಮಾಡಿ ಅದಕ್ಕೆ ಚುಚ್ಚಿಕೊಳ್ಳುತ್ತ ಹೋದರೆ, ವರ್ಷದ ಕೊನೆಗೆ ಕೋಟು ತನ್ನಷ್ಟಕ್ಕೆ ನಿಲ್ಲುವಷ್ಟು ಬಿಗಿಯಾಗುತ್ತದೆ. ನಿಯಮಗಳು ಮುಖ್ಯವಾಗಿ ನಾಲ್ಕು: ಕುಡಿಯಬಾರದು, ಮಾದಕವಸ್ತು ಮುಟ್ಟಬಾರದು, ವಾಹನ ಓಡಿಸಬಾರದು, ಪ್ರೇಮ ಗೀಮ ಕೂಡದು. ಇದನ್ನು ಓದಿ ಹೇಳಿದಾಗ ನಮ್ಮಜ್ಜಿ, ‘ಇಷ್ಟಕ್ಕೆ ಅಷ್ಟು ದೂರ ಯಾಕೋ ಕಳಿಸಬೇಕು? ಇದನ್ನ ನಾನೇ ಹೇಳ್ತಿದ್ನಲ್ಲ’ ಎಂದರು. ಅಪ್ಪನ ಚಿಂತೆ ಬೇರೆ. ಪಿಯುಸಿಗೆ ಸೇರಬೇಕಾದ ಹುಡುಗಿಗೆ ಒಂದು ವರ್ಷ ಹಾಳು. ಆ ಹಾಳಾಗುವ ವರ್ಷದಲ್ಲಾದರೂ ಗಣಿತ, ಭೌತಶಾಸ್ತ್ರ ಬಿಗಿಮಾಡಿಕೊಂಡು ಬಾ ಎಂದು ಹೇಳಿ ಕಳಿಸಿದ್ದರು.

ಆಗಸ್ಟಿನಲ್ಲಿ ಹೋಗಿ ಇಳಿದೆ. ಎತ್ತ ನೋಡಿದರೂ ಜೋಳ, ಅಂದರೆ ನಾವು ಮುಸುಕಿನ ಜೋಳ ಎನ್ನುವುದು. ಅದರ ನಡುವೆ ಒಂದು ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಊರಿನ ಹೆಸರು. ಶಾಲೆಯಲ್ಲಿ ವಿಷಯಗಳನ್ನು ಆರಿಸಿಕೊಳ್ಳಲು ಒಂದು ಕಾಗದ ಕೊಟ್ಟರು. ಬೀಜಗಣಿತ, ರಸಾಯನಶಾಸ್ತ್ರಗಳ ಕೆಳಗೆ, ಅದೇ ಅಕ್ಷರದಲ್ಲಿ, ಅದೇ ಗಾತ್ರದಲ್ಲಿ ‘ಬ್ಯಾಂಡ್’ ಎಂದಿತ್ತು. ದಿನಕ್ಕೊಂದು ಪೀರಿಯಡ್ಡು, ವರ್ಷದ ಕೊನೆಗೆ ಗ್ರೇಡು. ನನ್ನ ಅಲ್ಲಿಯವರೆಗಿನ ಸಂಗೀತವೆಲ್ಲ ಸಂಜೆ ಶಾಲೆ ಮುಗಿದ ಮೇಲೆ, ಕಾಲು ತೊಳೆದು, ಟೀಚರಮ್ಮನ ನಡುಮನೆಯಲ್ಲಿ ಚಾಪೆಯ ಮೇಲೆ ನಡೆದದ್ದು. ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆನಾದರೂ ಅದು ಮಾರ್ಕ್ಸ್ ಕಾರ್ಡಿನ ಆಚೆಗಿನ ಸಂಗತಿ. ಪರೀಕ್ಷೆ ಹತ್ತಿರ ಬಂದರೆ ಮೊದಲು ನಿಲ್ಲುತ್ತಿದ್ದದ್ದೂ ಅದೇ. ಇಲ್ಲಿ ಬೆಳಿಗ್ಗೆ ಹೊತ್ತೇ, ಬೀಜಗಣಿತವನ್ನು ಹೊರಗೆ ನಿಲ್ಲಿಸಿ ಸಂಗೀತ ಮಾಡುತ್ತಾರೆ. ಬ್ಯಾಂಡ್ ಎಂಬಲ್ಲಿ ಗುರುತು ಹಾಕಿದೆ. ಅಪ್ಪನಿಗೆ ಬರೆದ ಕಾಗದದಲ್ಲಿ ಅದನ್ನು ಭೌತಶಾಸ್ತ್ರದ ನಂತರ, ಸಣ್ಣದಾಗಿ ಬರೆದೆ.

ಅಯೋವಾದವರಿಗೆ ಬ್ಯಾಂಡಿನ ಹುಚ್ಚು ಹೊಸತಲ್ಲ ಎಂಬುದು ಆಮೇಲೆ ತಿಳಿಯಿತು. 1921ರಲ್ಲೇ ಅಲ್ಲಿ ಒಂದು ಕಾಯಿದೆ ಮಾಡಿದ್ದಾರೆ: ಊರಿನ ಬ್ಯಾಂಡನ್ನು ಸಾಕಲು ಪುರಸಭೆ ಜನರಿಂದ ತೆರಿಗೆ ಎತ್ತಬಹುದು. ರಸ್ತೆಗೆ, ಚರಂಡಿಗೆ, ದೀಪಕ್ಕೆ ಕಂದಾಯ ಕಟ್ಟುವ ಹಾಗೆ ತುತ್ತೂರಿಗೂ ಕಂದಾಯ. ಕಾರ್ಲ್ ಕಿಂಗ್ ಎಂಬ ಬ್ಯಾಂಡ್ ಸಂಯೋಜಕ ಫೋರ್ಟ್ ಡಾಡ್ಜ್ ಎಂಬ ಊರಿನಲ್ಲಿ ನೆಲೆಸಿದ್ದ. ಮೊದಲು ಸರ್ಕಸ್ಸಿನ ಬ್ಯಾಂಡುಗಳಲ್ಲಿದ್ದವನು. ಅವನಿಗೆ ಈ ಕಾಯಿದೆಯಿಂದ ಎಷ್ಟು ಸಂತೋಷವಾಯಿತೆಂದರೆ ಅದರ ಹೆಸರಿನಲ್ಲೇ ಒಂದು ಮಾರ್ಚ್ ಬರೆದುಬಿಟ್ಟ. ನಮ್ಮಲ್ಲಿ ಭೂಸುಧಾರಣೆಯಂಥ ದೊಡ್ಡ ಕಾಯಿದೆಗೂ ಯಾರಾದರೂ ಒಂದು ವರ್ಣ ಕಟ್ಟಿದ್ದನ್ನು ನಾನು ಕೇಳಿಲ್ಲ. ಇದೇ ರಾಜ್ಯದ ಮೇಸನ್ ಸಿಟಿಯ ಮೆರೆಡಿತ್ ವಿಲ್ಸನ್, ಯುವಕನಾಗಿದ್ದಾಗ ಹೆಸರಾಂತ ಮಾರ್ಚ್ ಸಂಯೋಜಕ ಸೂಸಾನ ಬ್ಯಾಂಡಿನಲ್ಲಿ ಕೊಳಲು ನುಡಿಸಿದವನು, ‘ದಿ ಮ್ಯೂಸಿಕ್ ಮ್ಯಾನ್’ ಎಂಬ ಸಂಗೀತನಾಟಕ ಬರೆದ. 1957ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು. ಒಬ್ಬ ಮೋಸಗಾರ ಅಯೋವಾದ ಊರಿಗೆ ಬಂದು, ಮಕ್ಕಳ ಬ್ಯಾಂಡ್ ಕಟ್ಟುತ್ತೇನೆಂದು ವಾದ್ಯ, ಸಮವಸ್ತ್ರಗಳಿಗೆ ದುಡ್ಡು ವಸೂಲಿ ಮಾಡಿ ಪರಾರಿಯಾಗಲು ಹೊಂಚುವ ಕಥೆ. ಅವನಿಗೆ ಒಂದು ಸ್ವರವೂ ಬರುವುದಿಲ್ಲ. ವಾದ್ಯ ನುಡಿಸುವುದನ್ನು ಬಿಟ್ಟು ರಾಗವನ್ನು ಮನಸ್ಸಿನಲ್ಲಿ ಧ್ಯಾನಿಸುತ್ತಿರಿ, ತಾನಾಗಿ ಬರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾನೆ. ನನ್ನ ಮೊದಲ ಆತಿಥೇಯ ಮನೆಯವರು ಈ ನಾಟಕದ ಸಿನಿಮಾವನ್ನು ವಿಸಿಆರ್‌ನಲ್ಲಿ ಹಾಕಿ ತೋರಿಸಿ, ನಮ್ಮ ಊರನ್ನು ಅರ್ಥ ಮಾಡಿಕೊಳ್ಳಲು ಇದು ಸಾಕು ಎಂದರು. ಆ ಮೋಸಗಾರನ ಪದ್ಧತಿ ನನಗೇನೂ ಅಪರಿಚಿತವೆನಿಸಲಿಲ್ಲ; ಸಾಧನೆ ಮಾಡದ ದಿನ ನಾನೂ ಟೀಚರಮ್ಮನಿಗೆ ‘ಮನಸ್ಸಿನಲ್ಲೇ ಹೇಳಿಕೊಂಡೆ’ ಎನ್ನುತ್ತಿದ್ದೆ.

ನಾನು ಕೇಳಿದ್ದು ಕೊಳಲು. ಪಟ್ಟಿಯೊಳಗಿನದು, ಮನೆಯಲ್ಲೂ ಸಮಜಾಯಿಷಿ ಕೊಡಬಹುದು. ಬ್ಯಾಂಡ್ ಮೇಷ್ಟ್ರು ಒಂದು ಕ್ಷಣ ನನ್ನ ತುಟಿಯನ್ನು, ಆಮೇಲೆ ತೋಳಿನ ಉದ್ದವನ್ನು ನೋಡಿದರು. ಕೊಳಲಿಗೆ ಹುಡುಗಿಯರು ಸಾಲುಗಟ್ಟಿ ನಿಂತಿದ್ದಾರೆ, ಟ್ರಾಂಬೋನಿಗೆ ಜನವಿಲ್ಲ ಎಂದು ಒಳಗಿನಿಂದ ಒಂದು ಕಪ್ಪು ಪೆಟ್ಟಿಗೆ ತಂದಿಟ್ಟರು. ಪ್ರತಿಭೆಯ ಮಾತೇ ಬರಲಿಲ್ಲ, ಮೂರನೆಯ ಟ್ರಾಂಬೋನಿನ ಕುರ್ಚಿ ಖಾಲಿ ಇತ್ತು.

ಪೆಟ್ಟಿಗೆ ತೆರೆದರೆ ಹಳೆಯ ಎಣ್ಣೆ ಮತ್ತು ಹಿತ್ತಾಳೆಯ ವಾಸನೆ. ಶಾಲೆಯ ವಾದ್ಯ, ಎಷ್ಟು ತಲೆಮಾರಿನ ಮಕ್ಕಳು ಊದಿದ್ದರೋ. ಮುಚ್ಚಳದ ಒಳಗೆ ಹೆಸರುಗಳನ್ನು ಕೆತ್ತಿದ್ದರು. ಮೌತ್‌ಪೀಸನ್ನು ಔಷಧದ ನೀರಿನಲ್ಲಿ ತೊಳೆದುಕೊಟ್ಟರು, ಅದು ಸರಿ. ಆದರೆ ಜಾರುಕೊಳವೆಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳವಿದೆ, ಸ್ಪ್ರಿಂಗಿನದು. ಊದಿ ಊದಿ ಒಳಗೆ ನೀರು ಸೇರಿ ಸ್ವರ ಗುಳುಗುಳು ಎನ್ನತೊಡಗಿದಾಗ ಅದನ್ನು ಒತ್ತಿ, ಒಮ್ಮೆ ಬಲವಾಗಿ ಉಸಿರು ಬಿಟ್ಟರೆ, ಆ ನೀರು ನೆಲಕ್ಕೆ ಬೀಳುತ್ತದೆ. ನಮ್ಮ ಸಾಲಿನವರ ಕಾಲ ಬಳಿ ಕಾರ್ಪೆಟ್ಟಿನಲ್ಲಿ ಅದರದೇ ಒಂದು ಶಾಶ್ವತ ಕಲೆ ಇತ್ತು. ಎಂಜಲು ಮುಸುರೆಯ ಮನೆಯಲ್ಲಿ, ಲೋಟವನ್ನು ಎತ್ತಿ ಕುಡಿಯುತ್ತ ಬೆಳೆದ ಹುಡುಗಿ ನಾನು. ಇದನ್ನೆಲ್ಲ ಮನೆಗೆ ಬರೆಯುವಾಗ ವಿಜ್ಞಾನದ ನೆರವು ಪಡೆದೆ: ಅದು ಎಂಜಲಲ್ಲ ಅಜ್ಜಿ, ಬಿಸಿ ಉಸಿರಿನ ಹಬೆ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ, ಅಷ್ಟೆ. ಅಜ್ಜಿಯ ಉತ್ತರ ಅಪ್ಪನ ಕಾಗದದ ಕೊನೆಯಲ್ಲಿ, ಅಡ್ಡಡ್ಡವಾಗಿ ಬಂತು. ‘ಯಾರ ಉಸಿರು?’

ಇನ್ನು ನುಡಿಸುವುದು. ಟ್ರಾಂಬೋನಿನಲ್ಲಿ ಗುಂಡಿಗಳಿಲ್ಲ, ಮೆಟ್ಟಿಲುಗಳಿಲ್ಲ. ಕೊಳವೆಯನ್ನು ಮುಂದಕ್ಕೆ ಹಿಂದಕ್ಕೆ ಜಾರಿಸುವ ಏಳು ಸ್ಥಾನಗಳಿವೆ. ಏಳು ಎಂದ ತಕ್ಷಣ ನನಗೆ ಧೈರ್ಯ ಬಂತು, ಸಪ್ತಸ್ವರ ತಾನೆ? ಅಲ್ಲ. ಬಿ ಫ್ಲ್ಯಾಟನ್ನು ಷಡ್ಜ ಮಾಡಿಕೊಂಡು ಶಂಕರಾಭರಣದ ಆರೋಹಣ ಹತ್ತಬೇಕಾದರೆ ಸ ಒಂದರಲ್ಲಿ, ರಿ ಆರರಲ್ಲಿ, ಗ ನಾಲ್ಕರಲ್ಲಿ, ಮ ಮೂರರಲ್ಲಿ, ಪ ಮತ್ತೆ ಒಂದರಲ್ಲಿ, ದ ನಾಲ್ಕು, ನಿ ಎರಡು, ಮೇಲಿನ ಸ ಒಂದು. ಸರಳೆ ವರಸೆಯ ಮೊದಲ ಹೆಜ್ಜೆಗೇ ತೋಳನ್ನು ಪೂರ್ತಿ ಚಾಚಬೇಕು. ಯಾವ ಸ್ಥಾನಕ್ಕೂ ಕೊಳವೆಯ ಮೇಲೆ ಗುರುತಿಲ್ಲ. ಮೂರನೆಯದು ಗಂಟೆಯ ಬಾಯಿಗೆ ತುಸು ಈಚೆ, ನಾಲ್ಕನೆಯದು ತುಸು ಆಚೆ. ಉಳಿದದ್ದು ಕಿವಿಗೆ ಬಿಟ್ಟದ್ದು. ಕಿವಿಯ ಮಟ್ಟಿಗೆ ನಾನು ಗಟ್ಟಿಯಿದ್ದೆ. ತಂಬೂರಿಯ ಮುಂದೆ ಕೂರಿಸಿದವರಿಗೆ ಇದೊಂದು ಉಪಕಾರವನ್ನು ನಮ್ಮ ಪದ್ಧತಿ ಮಾಡಿರುತ್ತದೆ.

ಆದರೆ ಜಾರುಕೊಳವೆ ಕೈಗೆ ಸಿಕ್ಕರೆ ಕರ್ನಾಟಕ ಸಂಗೀತದವಳು ಸುಮ್ಮನಿರಬಲ್ಲಳೆ? ಪಂಚಮದಿಂದ ರಿಷಭದವರೆಗೆ ತುಟಿ ಬದಲಿಸದೆ ಒಂದೇ ಉಸಿರಿನಲ್ಲಿ ಜಾರಬಹುದು ಎಂದು ಗೊತ್ತಾದ ದಿನ ನನಗೆ ಊಟ ರುಚಿಸಲಿಲ್ಲ. ಯಾರ ದಯೆಯಿಂದಲೋ ಇಂಥ ಗಮಕ ವಾದ್ಯ ಅಯೋವಾದ ಜೋಳದ ಹೊಲದಲ್ಲಿ ಬಿದ್ದಿದೆ, ಇವರಿಗೆ ಅದರ ಬೆಲೆ ತಿಳಿದಿಲ್ಲ! ಮರುದಿನ ಕ್ಲಾಸಿನಲ್ಲಿ ಒಂದು ಜಾರು ಹಾಕಿಯೇಬಿಟ್ಟೆ. ಹುಡುಗರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರ ಲೆಕ್ಕದಲ್ಲಿ ಅದು ಬಳಿದದ್ದು, ಮೆತ್ತಿದ್ದು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಕೇಳಿಸಲೇಬಾರದು. ಅದಕ್ಕಾಗಿ ಟ್ರಾಂಬೋನಿನವರು ಪ್ರತಿ ಸ್ವರಕ್ಕೂ ನಾಲಿಗೆಯಿಂದ ಮೆಲ್ಲಗೆ ‘ದ’ ಎನ್ನುತ್ತಾರೆ, ಆ ಸಂದಿಯಲ್ಲಿ ಕೊಳವೆಯನ್ನು ಕಳ್ಳತನದಿಂದ ಸರಿಸುತ್ತಾರೆ. ನಮ್ಮಲ್ಲಿ ದಾರಿಯೇ ರಾಗ. ಅಲ್ಲಿ ದಾರಿಯನ್ನು ಅಡಗಿಸುವುದೇ ವಿದ್ಯೆ. ಸೊಗಸಿಗೆಂದೇ ಜಾರಿಸಬೇಕಾದ ಕಡೆ ಸಂಯೋಜಕನೇ ಗೆರೆ ಎಳೆದು ತೋರಿಸಿರುತ್ತಾನೆ. ಅಪ್ಪಣೆಯಾದ ಮೇಲೆ ಜಾರಬೇಕು.

ಶ್ರುತಿಯ ವಿಚಾರವಂತೂ ಕೋರ್ಟು ಕಚೇರಿ. ‘ಕನ್ಸರ್ಟ್ ಬಿ ಫ್ಲ್ಯಾಟ್’ ಎಂದು ಮೇಷ್ಟ್ರು ಕೇಳಿದರೆ ಎಲ್ಲರೂ ಒಂದೇ ಸ್ವರ ನುಡಿಸುತ್ತಾರೆ, ಆದರೆ ಒಂದೊಂದು ಸಾಲಿನವರೂ ಅದನ್ನು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಕ್ಲಾರಿನೆಟ್ಟು ಟ್ರಂಪೆಟ್ಟಿನವರ ಹಾಳೆಯಲ್ಲಿ ಅದು ಸಿ. ಆಲ್ಟೋ ಸ್ಯಾಕ್ಸೊಫೋನಿನವರಿಗೆ ಜಿ. ಹಾರ್ನಿನವರಿಗೆ ಎಫ್. ಟ್ರಾಂಬೋನು, ಕೊಳಲು ಮೊದಲಾದ ಕೆಲವರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಬೇರೆ ಮಕ್ಕಳಿಗೆ ಇದು ತಲೆನೋವು. ನನಗೆ ನೆಮ್ಮದಿ ತಂದಿತು. ನಮ್ಮಲ್ಲಿ ಪ್ರತಿಯೊಬ್ಬರ ಷಡ್ಜವೂ ಅವರವರ ಕಂಠಕ್ಕೆ ಒಪ್ಪಿದಲ್ಲಿ ಕೂರುತ್ತದೆ ಎಂದು ವಿವರಿಸಿದಾಗ ನಂಬದವರೇ ದಿನಬೆಳಗಾದರೆ ಅದನ್ನು ಮಾಡುತ್ತಿದ್ದರು.

ಶರತ್ಕಾಲದಲ್ಲಿ ಬ್ಯಾಂಡ್ ಕೂತು ನುಡಿಸುವುದಿಲ್ಲ, ನಡೆಯುತ್ತದೆ. ಶುಕ್ರವಾರ ರಾತ್ರಿ ಅವರ ಫುಟ್‌ಬಾಲ್ ಪಂದ್ಯ. ಮಧ್ಯಂತರದಲ್ಲಿ ನಾವು ಮೈದಾನಕ್ಕಿಳಿಯಬೇಕು. ಐದು ಗಜಕ್ಕೊಂದು ಬಿಳಿಗೆರೆ ಎಳೆದಿರುತ್ತದೆ, ಒಂದು ಗೆರೆಯಿಂದ ಇನ್ನೊಂದಕ್ಕೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಹಿಮ್ಮಡಿ ಮೊದಲು ಊರಿ ಪಾದವನ್ನು ಉರುಳಿಸಿ ಇಟ್ಟರೆ ಸೊಂಟದ ಮೇಲಿನ ಭಾಗ ಅಲುಗುವುದಿಲ್ಲ, ಸ್ವರವೂ ಅಲುಗುವುದಿಲ್ಲ. ಸಣ್ಣ ಊರಾದ್ದರಿಂದ ಹುಡುಗರ ಅಭಾವ. ನನ್ನ ಪಕ್ಕದ ಎರಡನೆಯ ಟ್ರಾಂಬೋನಿನವನು ಫುಟ್‌ಬಾಲ್ ತಂಡದಲ್ಲೂ ಇದ್ದ. ಮಧ್ಯಂತರದ ಸೀಟಿಯಾದೊಡನೆ ಹೆಲ್ಮೆಟ್ ಕಳಚಿಟ್ಟು, ಭುಜದ ಗದ್ದುಗೆಗಳ ಸಮೇತ, ಮಂಡಿಗೆ ಮಣ್ಣು ಮೆತ್ತಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದ. ತಂಡ ಸೋಲುತ್ತಿದ್ದರೆ ಅವನ ಸ್ವರ ಒಂದು ಕೂದಲೆಳೆ ಇಳಿಯುತ್ತಿತ್ತು.

ನನ್ನ ಸಮಸ್ಯೆ ಜಡೆ. ಬ್ಯಾಂಡಿನ ಸಮವಸ್ತ್ರದಲ್ಲಿ ಕುಚ್ಚು ಚುಚ್ಚಿದ ಎತ್ತರದ ಟೋಪಿ. ಕೂದಲೆಲ್ಲ ಅದರೊಳಗೆ ಹೋಗಬೇಕು, ಒಂದೆಳೆಯೂ ಹೊರಗೆ ಕಾಣಬಾರದು. ಮಂಡಿ ಮುಟ್ಟುವ ಜಡೆಯನ್ನು ಆತಿಥೇಯ ಅಮ್ಮ ಸುರುಳಿ ಸುತ್ತಿ, ಪಿನ್ನು ಹಾಕಿ, ಮೇಲೆ ಟೋಪಿ ಇಟ್ಟು ಒತ್ತಿದರೆ ಅದು ಮೆಲ್ಲಗೆ ಮತ್ತೆ ಮೇಲೇಳುತ್ತಿತ್ತು. ಗದ್ದದ ಪಟ್ಟಿ ಕೊನೆಯ ತೂತಿಗೆ ಬಂದಾಗ ಕೂತಿತು. ಆ ವರ್ಷದ ಫೋಟೋಗಳಲ್ಲಿ ಸಾಲಿನಲ್ಲೆಲ್ಲ ಎತ್ತರವಾಗಿ ಕಾಣುವವಳು ನಾನೇ.

ಅಕ್ಟೋಬರಿನಲ್ಲಿ ಊರಿನಲ್ಲೊಂದು ಮೆರವಣಿಗೆ. ಮೈಸೂರಿನಲ್ಲಿ ಜಂಬೂಸವಾರಿಯ ದಿನಗಳೂ ಅವೇ. ಅಷ್ಟು ವರ್ಷ ಸಯ್ಯಾಜಿರಾವ್ ರಸ್ತೆಯ ಪಕ್ಕದ ಮಹಡಿಯಿಂದ ಮೆರವಣಿಗೆಯನ್ನು ನೋಡಿದವಳು ಈ ಸಲ ಮೆರವಣಿಗೆಯೊಳಗಿದ್ದೆ, ಅದೂ ಮೊದಲನೆಯ ಸಾಲಿನಲ್ಲಿ. ಇದು ಗೌರವವಲ್ಲ. ಟ್ರಾಂಬೋನಿನವರು ಮುಂದಿಲ್ಲದಿದ್ದರೆ ಚಾಚಿದ ಕೊಳವೆ ಮುಂದಿನವರ ಬೆನ್ನಿಗೆ ತಿವಿಯುತ್ತದೆ. ನಮಗಿಂತ ಮುಂದೆ ಕುದುರೆ ಸವಾರರ ಒಂದು ತಂಡ ಹೋಗಿತ್ತು. ಕುದುರೆಗಳು ದಾರಿಯಲ್ಲಿ ಬಿಟ್ಟುಹೋದದ್ದನ್ನು ದಾಟುವಾಗಲೂ ಹೆಜ್ಜೆ ಇಪ್ಪತ್ತೆರಡೂವರೆ ಅಂಗುಲವೇ ಇರಬೇಕು, ಕಣ್ಣು ಕೆಳಕ್ಕೆ ಹೋಗಬಾರದು. ಆನೆಗಳ ಹಿಂದೆ ನಡೆಯುವ ನಮ್ಮ ಪೊಲೀಸ್ ಬ್ಯಾಂಡಿನವರ ಬಗ್ಗೆ ನನಗೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಚಳಿಗಾಲಕ್ಕೆ ಒಳಗೆ ಬಂದು ಕೂತೆವು, ನಿಜವಾದ ಪಾಠ ಆಗ ಶುರುವಾಯಿತು. ಮೂರನೆಯ ಟ್ರಾಂಬೋನಿನ ಹಾಳೆಯಲ್ಲಿ ಸ್ವರಗಳಿಗಿಂತ ಮೌನ ಹೆಚ್ಚು. ಒಂದು ದಪ್ಪ ಅಡ್ಡಗೆರೆ, ಅದರ ಮೇಲೆ 24 ಎಂಬ ಅಂಕಿ: ಇಪ್ಪತ್ನಾಲ್ಕು ಬಾರ್ ಸುಮ್ಮನಿರು. ಸುಮ್ಮನಿರುವುದೆಂದರೆ ಕಿಟಕಿ ನೋಡುವುದಲ್ಲ, ಎಣಿಸುವುದು. ಒಂದು ಎರಡು ಮೂರು ನಾಲ್ಕು. ಎರಡು ಎರಡು ಮೂರು ನಾಲ್ಕು. ಮೂರು ಎರಡು ಮೂರು ನಾಲ್ಕು. ಬಾರಿನ ಲೆಕ್ಕವನ್ನು ಮೊದಲ ಅಂಕಿಯಲ್ಲಿ ಹಿಡಿದು ಹೀಗೆ ಹೋಗಬೇಕು. ಕೊಳಲು, ಕ್ಲಾರಿನೆಟ್ಟಿನವರು ಮುಂದೆ ಸೊಗಸಾಗಿ ಏನೋ ನುಡಿಸುತ್ತಿರುತ್ತಾರೆ, ಕೇಳುತ್ತ ಮೈಮರೆತರೆ ಲೆಕ್ಕ ಹೋಯಿತು. ನಮ್ಮ ಸಾಲಿನ ಹುಡುಗರ ಲೆಕ್ಕ ಒಂಬತ್ತು ಹತ್ತರ ಸುಮಾರಿಗೆ ದಿಕ್ಕು ತಪ್ಪುತ್ತಿತ್ತು. ನನ್ನದು ತಪ್ಪುತ್ತಿರಲಿಲ್ಲ. ಇಪ್ಪತ್ನಾಲ್ಕು ಬಾರ್ ಎಂದರೆ ಆದಿತಾಳದ ಹನ್ನೆರಡು ಆವರ್ತನ. ಮಡಿಲಿನಲ್ಲಿ ಮರೆಯಾಗಿ ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳು, ಎರಡು ದ್ರುತ. ಹನ್ನೆರಡನೆಯದು ಮುಗಿಯುವಾಗ ವಾದ್ಯ ಎತ್ತಿದರೆ ಇಡೀ ಸಾಲು ಎತ್ತುತ್ತಿತ್ತು. ಕ್ರಿಸ್‌ಮಸ್ಸಿನ ಹೊತ್ತಿಗೆ ತುತ್ತೂರಿಯವರೂ ಓರೆಗಣ್ಣಿನಿಂದ ನನ್ನ ಮಡಿಲನ್ನೇ ನೋಡುತ್ತಿದ್ದರು. ನುಡಿಸುವುದರಲ್ಲಿ ನಾನು ಸಾಧಾರಣ. ಸುಮ್ಮನಿರುವುದರಲ್ಲಿ ವಿದ್ವತ್ ದರ್ಜೆ.

ಸಾಧಾರಣ ಎಂದೆನಲ್ಲ, ಅದರ ಸುಖವನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸಂಗೀತ ಕಲಿಯುವ ಮಗುವಿಗೆ ವೇದಿಕೆ ಎಂದರೆ ನಡುವಿನ ಜಾಗ ಒಂದೇ. ಅಲ್ಲಿ ಕೂರಲು ಯೋಗ್ಯಳೋ ಅಲ್ಲವೋ ಎಂಬುದನ್ನು ಹದಿನೈದರೊಳಗೆ ತೀರ್ಮಾನಿಸಿಬಿಡುತ್ತಾರೆ. ‘ಜ್ಞಾನ ಇದೆ, ಕಂಠ ಇಲ್ಲ’ ಎಂದು ನನಗೂ ತೀರ್ಪಾಗಿತ್ತು. ಕಂಠ ಇಲ್ಲದವರು ರಸಿಕರಾಗಬೇಕು, ಕಛೇರಿಗೆ ಹೋಗಿ ತೊಡೆ ತಟ್ಟಬೇಕು, ಮಕ್ಕಳನ್ನು ಪಾಠಕ್ಕೆ ಸೇರಿಸಬೇಕು. ಭಜನಾಮಂಡಳಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅಲ್ಲಿ ಸೇರಲು ವಯಸ್ಸಾಗಬೇಕು. ಬ್ಯಾಂಡಿನಲ್ಲಿ ಸಾಧಾರಣರಿಗೆಂದೇ ಬರೆದ ಸ್ವರಗಳಿವೆ. ಮೂರನೆಯ ಟ್ರಾಂಬೋನಿನ ಮಗು ಹಿಡಿಯುವ ಆ ಒಂದು ಕೆಳಗಿನ ಸ್ವರ ಯಾರಿಗೂ ಪ್ರತ್ಯೇಕವಾಗಿ ಕೇಳಿಸುವುದಿಲ್ಲ; ಅವಳಿಗೆ ಜ್ವರ ಬಂದು ಮನೆಯಲ್ಲಿ ಉಳಿದ ದಿನ ಮಾತ್ರ ಎಲ್ಲರಿಗೂ ಏನೋ ತೆಳ್ಳಗಾದಂತೆ ಅನಿಸುತ್ತದೆ. ನಮ್ಮ ಪದ್ಧತಿ ಒಬ್ಬೊಬ್ಬ ಮಹಾನುಭಾವರನ್ನು ಕೊಟ್ಟಿದೆ, ಅದರ ಮುಂದೆ ಅಯೋವಾದ ಶಾಲೆಯ ಬ್ಯಾಂಡು ಏನೂ ಅಲ್ಲ, ನಾನೂ ಒಪ್ಪುತ್ತೇನೆ. ಆದರೂ ಮಹಾನುಭಾವರಲ್ಲದ ಉಳಿದವರಿಗೆ ಒಂದು ಕುರ್ಚಿ ಹಾಕುವುದನ್ನು ನಾವು ಮರೆತಿದ್ದೇವೆ ಎಂದು ನನ್ನ ತಕರಾರು.

ಕುರ್ಚಿಗೆ ದುಡ್ಡು ಬೇಕಲ್ಲ. ಟ್ಯೂಬಾ ರಿಪೇರಿಗೆಂದು ನಾವು ಮನೆಮನೆಗೆ ಹೋಗಿ ಕಿತ್ತಳೆ ಹಣ್ಣಿನ ಪೆಟ್ಟಿಗೆ ಮಾರಿದೆವು. ಸಂಗೀತದ ಮೇಷ್ಟ್ರ ಮನೆಗೆ ಹಣ್ಣು ತಾಂಬೂಲ ತೆಗೆದುಕೊಂಡು ಹೋಗುವುದು ಗೊತ್ತಿತ್ತು. ಮೇಷ್ಟ್ರೇ ಹಣ್ಣು ಎಣಿಸಿ ಕೊಟ್ಟು ಮಾರಿಕೊಂಡು ಬಾ ಎನ್ನುವುದು ಹೊಸದು.

ಒಂದು ದಿನ ಅಭ್ಯಾಸದ ಪುಸ್ತಕದಲ್ಲಿ ಒಂದು ಸಣ್ಣ ಹಾಡು ಬಂತು. ಅಮೆರಿಕದವರ ದೇಶಭಕ್ತಿಗೀತೆ ಎಂದರು. ಬ್ರಿಟನ್ನಿನಿಂದ ಬಂದಿದ್ದ ಇನ್ನೊಬ್ಬ ಎಕ್ಸ್‌ಚೇಂಜ್ ಹುಡುಗಿಗೆ ಮುಖ ಕೆಂಪಾಯಿತು. ಅದು ಅವರ ರಾಣಿಯ ಗೀತೆ. ಎರಡೂ ದೇಶದವರು ವಾದಕ್ಕೆ ನಿಂತಾಗ ನಾನು ಎದ್ದು, ಇದಕ್ಕೆ ಮೂರನೆಯ ಹಕ್ಕುದಾರರೂ ಇದ್ದಾರೆ ಎಂದು ‘ಸಂತತಂ ಪಾಹಿಮಾಂ’ ಹಾಡಿದೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ದೇವರ ಸ್ತುತಿ ಕೂರಿಸಿ ಮಾಡಿದ ನೊಟ್ಟುಸ್ವರಗಳಲ್ಲಿ ಅದೂ ಒಂದು. ನಮ್ಮ ಟೀಚರಮ್ಮ ಚಿಕ್ಕಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು. ದೀಕ್ಷಿತರ ತಮ್ಮ ಬಾಲುಸ್ವಾಮಿ ಆ ಕಾಲದಲ್ಲೇ ಪಾಶ್ಚಾತ್ಯರಿಂದ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದವರು. ಎಕ್ಸ್‌ಚೇಂಜ್ ಎಂದರೆ ಅದು. ನಾವು ನೀಲಿ ಕೋಟು ಹಾಕಿಕೊಂಡು ಪಿನ್ನು ಬದಲಾಯಿಸುವವರು.

ಬೇಸಿಗೆಯ ಹೊತ್ತಿಗೆ ಸ್ಪಿಲ್ವಿಲ್ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ಚೆಕ್ ಜನರ ಪುಟ್ಟ ಊರು. ನ್ಯೂಯಾರ್ಕಿನ ಸಂಗೀತಶಾಲೆಗೆ ಮುಖ್ಯಸ್ಥನಾಗಿ ಬಂದಿದ್ದ ಚೆಕ್ ಸಂಯೋಜಕ ದ್ವೋರ್ಜಾಕ್ 1893ರ ಬೇಸಿಗೆಯನ್ನು ಹೆಂಡತಿ, ಆರು ಮಕ್ಕಳೊಂದಿಗೆ ಇಲ್ಲಿ ಕಳೆದ. ಬಂದ ಕೆಲವೇ ದಿನಗಳಲ್ಲಿ ‘ಅಮೆರಿಕನ್’ ಎಂದು ಹೆಸರಾದ ತಂತಿವಾದ್ಯಗಳ ಚತುಷ್ಟಯವನ್ನು ಶುರುಮಾಡಿ ಸುಮಾರು ಎರಡು ವಾರದಲ್ಲಿ ಬರೆದು ಮುಗಿಸಿದ. ಬೆಳಿಗ್ಗೆ ಚರ್ಚಿಗೆ ಹೋಗಿ ಆರ್ಗನ್ ನುಡಿಸುತ್ತಿದ್ದನಂತೆ. ಅಷ್ಟು ದೊಡ್ಡ ನಗರದಲ್ಲಿ ಎಂಟು ತಿಂಗಳು ಇದ್ದವನಿಗೆ ಬೇಕಾಗಿದ್ದದ್ದು ತನ್ನ ಭಾಷೆ ಆಡುವ ನಾಲ್ಕು ಜನ. ಅದು ನನಗೆ ಚೆನ್ನಾಗಿ ಅರ್ಥವಾಯಿತು. ನಾನು ಆ ವರ್ಷ ಕನ್ನಡ ಮಾತಾಡಿದ್ದು ಹೆಚ್ಚಾಗಿ ಟ್ರಾಂಬೋನಿನ ಜೊತೆ.

ಅದಕ್ಕೆ ಮೊದಲು, ವಸಂತದ ಕಛೇರಿಯಲ್ಲಿ ಕೊನೆಗೆ ಸೂಸಾನ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’. 1896ರದು, ನಾನು ಹೋಗುವ ಸ್ವಲ್ಪ ಮುಂಚೆ, 1987ರಲ್ಲಿ, ಅದನ್ನು ಅವರ ರಾಷ್ಟ್ರೀಯ ಮಾರ್ಚ್ ಎಂದು ಘೋಷಿಸಿದ್ದರು. ಅದರ ಕೊನೆಯ ಸುತ್ತಿನಲ್ಲಿ ಪಿಕೊಲೊ ಮೇಲೆ ಹಾರಾಡುವಾಗ ಟ್ರಾಂಬೋನಿಗೆ ಅಡಿಯಲ್ಲಿ ಗಂಭೀರವಾದ ಒಂದು ಪ್ರತಿರಾಗವಿದೆ. ರೂಢಿಯಂತೆ ಆಗ ಎದ್ದು ನಿಂತು ನುಡಿಸಬೇಕು. ಮೂರನೆಯವಳೂ ಎದ್ದಳು. ಬ್ಯಾಂಡಿಗೆ ಗ್ರೇಡು ಎ ಬಂತು. ಅಪ್ಪ ಕೇಳಿದ್ದು, ‘ಎಷ್ಟಕ್ಕೆ ಎಷ್ಟು?’

ಮೈಸೂರಿಗೆ ಬಂದು ಮತ್ತೆ ಚಾಪೆಯ ಮೇಲೆ ಕೂತಾಗ ಟೀಚರಮ್ಮ ತೋಡಿ ಹಾಡಿಸಿದರು. ಗಾಂಧಾರ ಬಂದ ತಕ್ಷಣ ಕೈಯೆತ್ತಿ ನಿಲ್ಲಿಸಿ, ‘ಏನೇ ಇದು, ಸ್ವರಗಳಿಗೆಲ್ಲ ಇಸ್ತ್ರಿ ಹೊಡೆಸಿಕೊಂಡು ಬಂದಿದ್ದೀಯ?’ ಎಂದರು. ಗಮಕ ಮರಳಲು ಮಳೆಗಾಲ ಪೂರ್ತಿ ಹಿಡಿಯಿತು. ಪಿಯುಸಿಯೂ ಆಯಿತು. ಟ್ರಾಂಬೋನು ಶಾಲೆಯದಾದ್ದರಿಂದ ಅಲ್ಲೇ ಉಳಿಯಿತು. ಮುಚ್ಚಳದ ಒಳಗೆ ಕನ್ನಡದಲ್ಲಿ ಒಂದು ಹೆಸರಿದೆ.

ನಮ್ಮೂರಿಗೆ ಈ ವಾದ್ಯ ಪರಕೀಯವೂ ಅಲ್ಲ. ಅರಮನೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಆಗಿದ್ದವರು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಮೊದಲು ಕೇಳಿ ಮರುಳಾದದ್ದು ಈ ಅರಮನೆಯ ಬ್ಯಾಂಡಿನಲ್ಲೇ. ಈಗ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಕಛೇರಿಗೆ ಹೋದರೆ ನಾನು ನೋಡುವುದು ಹಿಂದಿನ ಸಾಲನ್ನು. ಮಡಿಲಲ್ಲಿ ಬೆರಳುಗಳು ತಾವಾಗಿ ಮಡಚುತ್ತವೆ. ಪಕ್ಕದಲ್ಲಿ ನಮ್ಮ ಯಜಮಾನರು ‘ಆದಿತಾಳ ಅಲ್ಲ ಕಣೇ ಅದು’ ಎಂದು ತಿದ್ದುತ್ತಾರೆ.

ಹೋದ ವರ್ಷ ಮುಗಿದ ಮೇಲೆ ವೇದಿಕೆಯ ಹತ್ತಿರ ಹೋದೆ. ಟ್ರಾಂಬೋನಿನವರು, ಮೀಸೆ ಬೆಳ್ಳಗಾಗುತ್ತಿದ್ದ ದೊಡ್ಡ ಆಳು, ನೀರು ಬಸಿಯುತ್ತಿದ್ದರು. ನಾನೂ ಒಂದು ಕಾಲದಲ್ಲಿ ನುಡಿಸುತ್ತಿದ್ದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೀರೆ, ಕನ್ನಡಕ, ಕೈಯಲ್ಲಿ ಚುರುಮುರಿ ಪೊಟ್ಟಣ.

‘ಆರನೇ ಪೊಸಿಷನ್ನಿಗೆ ಕೈ ಎಟುಕ್ತಿತ್ತಾ ಮೇಡಂ?’

‘ಆರು ಎಟುಕ್ತಿತ್ತು. ಏಳಕ್ಕೆ ಭುಜಾನೂ ಜೊತೇಲಿ ಕಳಿಸಬೇಕಿತ್ತು.’

‘ಏಳು ಬಿಡಿ ಮೇಡಂ,’ ಎಂದರು ಮುಚ್ಚಳ ಬಿಟ್ಟು, ‘ಏಳು ನನಗೂ ಕಷ್ಟವೇ.’